ಹುಸೇನಪ್ಪನ ಬೆರಳು, ಗ್ಯಾನಮ್ಮನ ಗೋಡೆ

ಜಾಲಿದಿನ್ನಿಯಲ್ಲಿ ಯಾರಾದರೂ ಗೋಡೆಯ ಮೇಲೆ ನಂಬರು ಬರೆದರೆ ಅದಕ್ಕೆ ಒಂದೇ ಅರ್ಥವಿತ್ತು: ಆ ಗೋಡೆ ಇನ್ನು ಇರುವುದಿಲ್ಲ. ಕಾಲುವೆಯ ಸರ್ವೇದವರು ಕಲಿಸಿ ಹೋದ ಪಾಠ ಅದು. ಅವರು ಕೆಂಪು ಬಣ್ಣದ ಡಬ್ಬಿ ಹಿಡಿದುಕೊಂಡು ಬಂದು ಬೇವಿನ ಮರಕ್ಕೊಂದು, ಹನುಮಪ್ಪನ ಕಟ್ಟೆಗೊಂದು, ಕಣದ ಬಂಡೆಗೊಂದು ನಂಬರು ಬರೆದಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಮರವೂ ಇರಲಿಲ್ಲ, ಕಟ್ಟೆಯೂ ಇರಲಿಲ್ಲ. ಕಣವಿದ್ದ ಜಾಗದಲ್ಲಿ ತುಂಗಭದ್ರೆಯ ನೀರು ಹರಿಯುತ್ತಿತ್ತು.

ಹಾಗಾಗಿ ಮುಂದೆ ಮಲೇರಿಯಾದವರು ಬಂದು ಮನೆಮನೆಯ ಗೋಡೆಗೆ ಚೌಕ ಬರೆದು ಮೇಲೆ ನಂಬರು ಹಾಕಿದಾಗ ಊರು ಚರ್ಚೆಗೆ ಕೂರಲಿಲ್ಲ. ಅವರ ಜೀಪು ಕಾಲುವೆಯ ಸೇತುವೆ ದಾಟುವ ಹೊತ್ತಿಗೆ ಹೆಂಗಸರು ಸೆಗಣಿ, ಕೆಮ್ಮಣ್ಣು ಕಲಸಿ ಊರಿಗೆ ಊರನ್ನೇ ಸಾರಿಸಿಬಿಟ್ಟಿದ್ದರು. ನಂಬರಿನ ಜೊತೆ, ಸೊಳ್ಳೆ ಕೊಲ್ಲಲು ಅದೇ ಗೋಡೆಗೆ ಹೊಡೆದಿದ್ದ ಡಿಡಿಟಿಯೂ ಕೆಮ್ಮಣ್ಣಿನ ಕೆಳಗೆ ಹೋಯಿತು. ಆ ವರ್ಷ ಜಾಲಿದಿನ್ನಿಯಲ್ಲಿ ಸೊಳ್ಳೆಗಳಷ್ಟು ನೆಮ್ಮದಿಯಾಗಿ ಯಾರೂ ಬದುಕಲಿಲ್ಲ.

ಮೇಲಿನಿಂದ ಸಿಟ್ಟಿನ ಕಾಗದ ಬಂತು, ಜೀಪಿನವರು ಮತ್ತೆ ಬಂದು ಚೌಕ ಬರೆದು ಹೋದರು. ತಳವಾರ ಹಲಗೆ ಬಡಿದು ಡಂಗುರ ಸಾರುತ್ತ ಓಣಿ ಓಣಿ ತಿರುಗಿದ.

"ಸರ್ಕಾರದ ಹುಕುಂ ಐತಿ! ನಂಬರ್ ಇದ್ದ ಗ್ವಾಡಿ ಯಾರೂ ಸಾರಸಬಾರದು! ಸಾರಿಸಿದ್ರ ದಂಡಾ!"

ಈ ಹುಕುಮನ್ನು ಊರು ಒಂದು ಹಬ್ಬದ ಮಟ್ಟಿಗೆ ಪಾಲಿಸಿ ಮರೆಯಿತು. ಮರೆಯದವಳು ಒಬ್ಬಳೇ, ಗ್ಯಾನಮ್ಮ. ಭತ್ತದ ಸಸಿ ಹಚ್ಚುವ, ಕಳೆ ಕೀಳುವ, ಕೊಯ್ಯುವ ಹದಿನೆಂಟು ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಓದು ಬಾರದು, ಆದರೆ ಯಾರಾದರೂ ಒಂದು ಮಾತು ಆಡಿದರೆ ಅದನ್ನು ಅವರ ಎದುರಿಗೇ ಹಿಡಿಯುವ ತನಕ ಬಿಡುವವಳಲ್ಲ. ಮಲೇರಿಯಾ ಕೆಲಸಗಾರ ಯಮನೂರಪ್ಪ ಸೈಕಲ್ಲಿನ ಮೇಲೆ ಮೊದಲ ಸಲ ಬಂದಾಗ ಅವನನ್ನು ನಿಲ್ಲಿಸಿ ಕೇಳಿದಳು.

"ಯಪ್ಪಾ, ಈ ಚೌಕ ಯಾಕ ಬೇಕು?"

"ನಾ ಬಂದಿದ್ದಕ್ಕ ಸಾಕ್ಷಿ ಬೇ. ಹದಿನೈದು ದಿನಕ್ಕೊಮ್ಮೆ ಬರ್ತೀನಿ, ಜ್ವರ ಅದಾವೇನು ಅಂತ ಕೇಳ್ತೀನಿ. ಇದ್ರ ಬೆರಳು ಚುಚ್ಚಿ ಗಾಜಿನ ಮ್ಯಾಲ ಒಂದು ಹನಿ ರಗತ ತಗೋತೀನಿ, ನಾಕು ಗುಳಿಗಿ ಕೊಡ್ತೀನಿ. ಆಮ್ಯಾಲ ಈ ಚೌಕದಾಗ ತಾರೀಖ ಬರ್ದು ಸಹಿ ಮಾಡ್ತೀನಿ."

"ನೀ ಬರಲಿಲ್ಲಂದ್ರ?"

"ಚೌಕ ಖಾಲಿ ಇರ್ತೈತಿ."

"ಅಂದ್ರ ಇದು ನನ್ನ ಮನಿ ನಂಬರಲ್ಲ. ನಿನ್ನ ಹಾಜರಿ."

ಯಮನೂರಪ್ಪ ನಕ್ಕು ಸಹಿ ಮಾಡಿ ಹೋದ. ಅಂದಿನಿಂದ ಗ್ಯಾನಮ್ಮ ಹಬ್ಬಕ್ಕೆ ಮನೆ ಸಾರಿಸುವಾಗ ಆ ಚೌಕವನ್ನೂ ಅದರ ಕೆಳಗಿನ ಎರಡು ಮೊಳ ಗೋಡೆಯನ್ನೂ ಬಿಟ್ಟೇ ಸಾರಿಸುತ್ತಿದ್ದಳು. ನೆರೆಯ ಗದ್ದೆಮ್ಮ, "ಮಾರಿ ತೊಳಕೊಂಡು ಮೂಗು ಬಿಟ್ಟಂಗ ಆಗೈತಿ ನಿನ್ನ ಮನಿ" ಎಂದು ಆಡಿಕೊಂಡಳು.

ಅರವತ್ತಾರರ ಮಳೆಗಾಲ ಬಂತು. ಕಾಲುವೆಗೆ ನೀರು ಬಿಟ್ಟರು, ಗದ್ದೆಗಳು ತುಂಬಿದವು, ಸೊಳ್ಳೆ ಎದ್ದವು. ಯಮನೂರಪ್ಪ ಏಳಲಿಲ್ಲ. ಅವನ ಕಡೆಗೂ ನ್ಯಾಯವಿದೆ: ಹದಿನಾಲ್ಕು ಹಳ್ಳಿ, ಒಂದು ಸೈಕಲ್ಲು, ಎಲ್ಲ ಕಡೆ ಕಪ್ಪು ಎರೆಮಣ್ಣು. ಮಳೆ ಬಿದ್ದ ಎರೆಯಲ್ಲಿ ಮನುಷ್ಯ ಸೈಕಲ್ಲಿನ ಮೇಲೆ ಹೋಗುವುದಿಲ್ಲ, ಸೈಕಲ್ಲೇ ಮನುಷ್ಯನ ಹೆಗಲೇರಿ ಹೋಗುತ್ತದೆ. ಆದರೆ ತಿಂಗಳಿಗೆ ಇಷ್ಟು ರಕ್ತದ ಸ್ಲೈಡು ಎಂದು ಮೇಲಿನವರು ನಿಗದಿ ಮಾಡಿದ ಅಂಕಿಗೆ ಕೆಸರು ಹತ್ತುವುದಿಲ್ಲ.

ಉಪಾಯ ತುರ್ವಿಹಾಳದ ಬಸ್ಸು ನಿಲ್ಲುವ ಜಾಗದಲ್ಲಿ ಚಹಾದ ಹೋಟೆಲು ಇಟ್ಟುಕೊಂಡು ಕೂತಿತ್ತು. ಆ ಹೋಟೆಲಿನ ಹುಸೇನಪ್ಪನಿಗೆ ಹುಟ್ಟಿದಾಗಿನಿಂದ ಜ್ವರವೆಂದರೇನೆಂದು ಗೊತ್ತಿರಲಿಲ್ಲ. ಆ ಮಳೆಗಾಲ ಅವನ ಹತ್ತು ಬೆರಳುಗಳು ಜಾಲಿದಿನ್ನಿಯ ಅರವತ್ತು ಮನೆಗಳನ್ನು ಪ್ರತಿನಿಧಿಸಿದವು. ಯಮನೂರಪ್ಪ ಮನೆಪಟ್ಟಿ ಬಿಚ್ಚುವನು, ಹುಸೇನಪ್ಪ ಕೈ ಚಾಚುವನು.

"ಇವತ್ತ ನಾ ಯಾರಲೇ?"

"ಇವತ್ತ ನೀ ಗದ್ದೆಮ್ಮ, ಅಂಬಮ್ಮ, ಪಾರ್ವತೆಮ್ಮ."

"ಮೂರೂ ಹೆಂಗಸರಾ? ಒಂದರ ಗಂಡಸಿನ ಹೆಸರ ಹಚ್ಚಲೇ ಮಾರಾಯಾ, ಮೀಸಿ ಉದುರೀತು."

ಹೀಗೆ ಹುಸೇನಪ್ಪನ ಗಟ್ಟಿ ರಕ್ತ ಅರವತ್ತು ಚಿಲ್ಲರೆ ಹೆಸರು ಹೊತ್ತು ಪ್ರಯೋಗಶಾಲೆಗೆ ಹೋಯಿತು. ಅಲ್ಲಿಯವರು ಒಂದೊಂದನ್ನೂ ಶ್ರದ್ಧೆಯಿಂದ ನೋಡಿ ಮಲೇರಿಯಾ ಇಲ್ಲ ಎಂದು ಬರೆದರು. ಅವರು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಇತ್ತ ಗ್ಯಾನಮ್ಮನ ಮನೆಯಲ್ಲಿ ಸೊಸೆ ಆದೆಮ್ಮ ದಿನ ಬಿಟ್ಟು ದಿನ ನಡುಗುತ್ತಿದ್ದಳು. ಮಗ ಬಾಲಪ್ಪ ಮೂರು ಕೌದಿ ಹೊದಿಸಿ ಮೇಲೆ ತಾನೇ ಬಿದ್ದು ಒತ್ತಿ ಹಿಡಿದರೂ ಹೊರಸು ಟಕಟಕ ಅನ್ನುತ್ತಿತ್ತು. ಹಿಂದಿನ ವರ್ಷ ಇದೇ ಚಳಿಜ್ವರದಲ್ಲಿ ಅವಳ ಐದು ತಿಂಗಳ ಬಸಿರು ಇಳಿದುಹೋಗಿತ್ತು. ಈಗ ಮತ್ತೆ ನಾಲ್ಕು ತುಂಬಿತ್ತು. ಗ್ಯಾನಮ್ಮ ಸೊಸೆಯನ್ನು ಬಂಡಿಯಲ್ಲಿ ತುರ್ವಿಹಾಳಕ್ಕೆ ತಂದು, ಬಸ್ಸು ಹತ್ತಿಸಿ, ದವಾಖಾನೆಗೆ ಕರೆದೊಯ್ದಳು. ಕಂಪೌಂಡರನು ಊರು ಕೇಳಿ, ಬೆನ್ನ ಹಿಂದೆ ಅಂಟಿಸಿದ್ದ ಪಟ್ಟಿಯ ಮೇಲೆ ಬೆರಳಾಡಿಸಿದ.

"ಜಾಲಿದಿನ್ನಿ... ನಿಮ್ಮೂರಾಗ ಮಲೇರಿಯಾ ಇಲ್ಲ. ಸೊನ್ನಿ ಐತಿ."

"ನಡುಗಾಕತ್ಯಾಳಲ್ರೀ ಈಕಿ?"

"ನಡುಗಲಿ. ಅದು ಬ್ಯಾರೆ ಜ್ವರ. ಮಲೇರಿಯಾ ಗುಳಿಗಿ ಮಲೇರಿಯಾ ಇದ್ದ ಊರಿಗೆ ಅಷ್ಟ."

ಗುಲಾಬಿ ಬಣ್ಣದ ನೀರು ತುಂಬಿದ ಶೀಶೆ ಕೊಟ್ಟು ಕಳಿಸಿದ. ಬಸ್ಸಿನಲ್ಲಿ ಕೂತ ಮೇಲೆ ಗ್ಯಾನಮ್ಮ ಶೀಶೆಯನ್ನು ಬೆಳಕಿಗೆ ಹಿಡಿದು ಅಲುಗಿಸಿ ನೋಡಿದಳು. ಆಮೇಲೆ ಎರಡನೇ ಇಯತ್ತೆಯ ತನಕ ಸಾಲೆ ಕಲಿತ ಸೊಸೆಯನ್ನು ಕೇಳಿದಳು.

"ಸೊನ್ನಿ ಅಂದ್ರ ಹೆಂಗಿರ್ತೈತಿ?"

ಆದೆಮ್ಮ ನಡುಗುವ ಬೆರಳಿನಿಂದ ಅತ್ತೆಯ ಅಂಗೈ ಮೇಲೆ ದುಂಡಗೆ ಬರೆದು ತೋರಿಸಿದಳು.

"ಇದರಾಗ ನೀ ಎಲ್ಲಿದ್ದೀ?"

"ನಾ ಇಲ್ಲ ಅತ್ತಿ. ಅದಕ್ಕ ಅದು ಸೊನ್ನಿ."

ಮನೆಗೆ ಬಂದವಳೇ ಗ್ಯಾನಮ್ಮ ಎಲೆಅಡಿಕೆಯ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಸೊಸೆಯ ಬೆರಳು ಅದರಲ್ಲಿ ಅದ್ದಿಸಿ, ಖಾಲಿ ಚೌಕದ ಕೆಳಗೆ ಒಂದು ಬೊಟ್ಟು ಇಡಿಸಿದಳು. ನಡುಗಿದ ದಿನಕ್ಕೊಂದು. ವಾರದಲ್ಲಿ ಮೂರಾದವು. ಆಡಿಕೊಂಡಿದ್ದ ಗದ್ದೆಮ್ಮನೇ ಬಂದು, "ನಂದೂ ನಾಕು ಅದಾವು, ಎಲ್ಲಿಡಲಿ?" ಎಂದಳು. ಹೊಲದಿಂದ ಬರುವ ದಾರಿಯಲ್ಲಿ ಗುಂಪಿನವರೆಲ್ಲ ಇಟ್ಟರು. ಗ್ಯಾನಮ್ಮನದು ಒಂದೇ ಕಟ್ಟುನಿಟ್ಟು: ಯಾರ ಜ್ವರವೋ ಅವರದೇ ಬೆರಳು. ಗಂಡನ ಪರವಾಗಿ ಹೆಂಡತಿ ಇಡುವ ಹಾಗಿಲ್ಲ.

"ನನ್ನ ಗಂಡ ನಾಚ್ತಾನ ಬೇ" ಎಂದಳು ಒಬ್ಬಳು.

"ನಡುಗಾಗ ನಾಚಿದ್ದನೇನು? ಕಳಸು ಅವನ್ನ."

ಜ್ವರದಲ್ಲಿ ಹೋದವರಿಗೆ ಮಾತ್ರ ಅವಳೇ ಕೆಮ್ಮಣ್ಣಿನಲ್ಲಿ ಬೊಟ್ಟಿಟ್ಟಳು. ಅಂಥವು ಮೂರು. ಒಂದು ಮಧ್ಯಾಹ್ನ ಓಣಿ ಖಾಲಿಯಿದ್ದಾಗ, ಕಣ್ಣಿನ ತನಕ ಸೆರಗು ಎಳೆದುಕೊಂಡ ಹೆಂಗಸೊಬ್ಬಳು ಸರಸರನೆ ಬಂದು ಎರಡು ಬೊಟ್ಟಿಟ್ಟು ಹೋದಳು. ಪೊಲೀಸ್ ಪಾಟೀಲ ಬಸ್ಸಪ್ಪನ ಹೆಂಡತಿ ಪಾರ್ವತೆಮ್ಮ. ಗ್ಯಾನಮ್ಮ ನೋಡಿಯೂ ನೋಡದವಳಂತೆ ಜೋಳ ಹಸನು ಮಾಡುತ್ತ ಕೂತಿದ್ದಳು.

ಮಹಾನವಮಿಗೆ ಎಂಟು ದಿನ ಇರುವಾಗ ಪಾಟೀಲನಿಗೆ ಕಾಗದ ಬಂತು. ಜಾಲಿದಿನ್ನಿ ಸತತ ಸೊನ್ನೆ ಸಾಧಿಸಿರುವುದರಿಂದ ಅದನ್ನು ಜ್ವರಮುಕ್ತ ಗ್ರಾಮವೆಂದು ಸಾರಲು ದೊಡ್ಡ ಸಾಹೇಬರೇ ಬರುತ್ತಾರೆ. ಬಸ್ಸಪ್ಪ ಹಿಗ್ಗಿದ. ಕಾಲುವೆ ಬಂದ ಮೇಲೆ ಅವನ ಭತ್ತ ಅರವತ್ತು ಎಕರೆಗೆ ಹಬ್ಬಿತ್ತು. ಜ್ವರದ ಊರು ಎಂಬ ಹೆಸರು ಬಿದ್ದರೆ ಕೊಯ್ಲಿಗೆ ಹೊರಗಿನ ಆಳು ಬರುವುದಿಲ್ಲ. ತಳವಾರ ಅದೇ ಹಲಗೆ ಎತ್ತಿಕೊಂಡು ಹೊರಟ.

"ಸರ್ಕಾರದ ಹುಕುಂ ಐತಿ! ಎಲ್ಲಾರೂ ಗ್ವಾಡಿ ಸಾರಸಬೇಕು! ಸಾರಸದಿದ್ರ ದಂಡಾ!"

ಅದೇ ದಿನ ಯಮನೂರಪ್ಪ ಕೆಸರು ಒಣಗಿದ ದಾರಿ ಹಿಡಿದು ಬಂದ, ಗೋಡೆ ನೋಡಿದ, ಬೆವತ.

"ಯಕ್ಕಾ, ಕೈ ಮುಗೀತೀನಿ, ಇದನ್ನ ಸಾರಿಸಿಬಿಡು."

"ಜ್ವರ ಇಲ್ಲ ಅಂತ ಸಾರಿದ ಮ್ಯಾಲ ಏನಾಕ್ಕೈತಿ, ಅದನ್ನ ಹೇಳು."

"ಮುಂದಿನ ವರ್ಷ ಡಿಡಿಟಿ ಬರಾಂಗಿಲ್ಲ. ಗುಳಿಗಿ ಬರಾಂಗಿಲ್ಲ."

"ನೀ?"

"ನಾನೂ ಬರಾಂಗಿಲ್ಲ."

"ನೀ ಬರದಿದ್ದು ನಮಗ ರೂಢಿ ಆಗೈತಿ. ಗುಳಿಗಿ ಬೇಕು. ನನ್ನ ಸೊಸಿಗೆ ಏಳು ತುಂಬ್ಯಾವು."

ಸಂಜೆ ಪಾಟೀಲನೇ ತಳವಾರನ ಕೈಲಿ ಕೆಮ್ಮಣ್ಣಿನ ಬಕೀಟು ಹೊರಿಸಿಕೊಂಡು ಬಂದ.

"ಏನಬೇ ಗ್ಯಾನಮ್ಮ, ಡಂಗುರ ಕೇಳಿಲ್ಲೇನು?"

"ಎರಡೂ ಕೇಳೀನ್ರೀ ಗೌಡ್ರ. ಮೊದಲು ಸಾರಿಸಿದ್ರ ದಂಡ ಅಂದ್ರಿ. ಈಗ ಸಾರಸದಿದ್ರ ದಂಡ ಅಂತೀರಿ. ಅವನೇ ತಳವಾರ, ಅದೇ ಹಲಗಿ. ನಾ ಮೊದಲನೇದನ್ನ ನಡಸಾಕತ್ತೀನಿ. ಅದನ್ನ ಮುರದೀವಿ ಅಂತ ಯಾರೂ ಹಲಗಿ ಬಡದಿಲ್ಲ."

"ಮಾತು ಭಾಳ ಆತು. ಕೊಯ್ಲಿಗೆ ನನ್ನ ಹೊಲಕ್ಕ ಕಾಲಿಡಬ್ಯಾಡ."

"ಇಡಾಂಗಿಲ್ಲರಿ. ನನ್ನ ಹಿಂದಿನ ಹದಿನೆಂಟು ಮಂದಿನೂ ಇಡಾಂಗಿಲ್ಲ. ನೀವ ಕೊಯ್ಕೊಳ್ರಿ. ಬಗ್ಗಿ ಎದ್ರ ಸೊಂಟಕ್ಕ ಛಲೋ ಅಂತಾರ."

ಬಸ್ಸಪ್ಪ ತಳವಾರನಿಗೆ ಕಣ್ಸನ್ನೆ ಮಾಡಿದ. ತಳವಾರ ಬಕೀಟಿಗೆ ಕೈ ಹಾಕಿದ. ಗ್ಯಾನಮ್ಮ ಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ಹಚ್ಚು ತಮ್ಮಾ. ಮೊದಲು ನನ್ನ ಮಾರಿಗೆ ಹಚ್ಚು, ಆಮ್ಯಾಲ ಗ್ವಾಡಿಗೆ. ಇಲ್ಲಿ ನಿನ್ನ ಬೊಟ್ಟೂ ಐದು ಅದಾವು, ನೆನಪೈತಿಲ್ಲೋ?"

ತಳವಾರನ ಕೈ ಬಕೀಟಿನಲ್ಲೇ ಉಳಿಯಿತು. ಗ್ಯಾನಮ್ಮ ದನಿ ಇಳಿಸಿ, ಪಾಟೀಲನಿಗಷ್ಟೇ ಕೇಳುವ ಹಾಗೆ ಹೇಳಿದಳು.

"ನಿಮ್ಮ ಮನಿದೂ ಎರಡು ಅದಾವರೀ ಗೌಡ್ರ. ಅಳಿಸೋದಿದ್ರ ಮನ್ಯಾಗ ಕೇಳಿ ಅಳಸ್ರಿ."

ಬಸ್ಸಪ್ಪ ನಂಬಲಿಲ್ಲ. ಆದರೆ ಮನೆಗೆ ಹೋಗಿ ಕೇಳಿರಬೇಕು, ಯಾಕೆಂದರೆ ಮರುದಿನ ಬಕೀಟು ಮತ್ತೆ ಬರಲಿಲ್ಲ.

ಸಾಹೇಬರು ಲಿಂಗಸುಗೂರಿನ ಪ್ರವಾಸಿ ಮಂದಿರದಲ್ಲಿ ಇಳಿದುಕೊಂಡು, ಮಸ್ಕಿಯಲ್ಲಿ ಚಹಾ ಕುಡಿದು, ಹನ್ನೊಂದು ಗಂಟೆಗೆ ಜಾಲಿದಿನ್ನಿಗೆ ಬಂದರು. ತೆಳ್ಳಗಿನ ಮನುಷ್ಯ, ದಪ್ಪ ಕನ್ನಡಕ. ಮಾತು ಹಳೆ ಮೈಸೂರಿನದು. ಊರೆಲ್ಲ ಕೆಂಪಗೆ ಹೊಳೆಯುತ್ತಿತ್ತು. ಬಸ್ಸಪ್ಪ ಅವರನ್ನು ಬೇರೆ ಓಣಿಯಿಂದ ಚಾವಡಿಗೆ ಒಯ್ಯುವ ಲೆಕ್ಕದಲ್ಲಿದ್ದ. ಆದರೆ ಹದಿನೆಂಟು ಹೆಂಗಸರು ಆ ಓಣಿಯ ನಡುವೆ ಹಬ್ಬದ ಹಾಸಿಗೆ, ಕೌದಿಗಳನ್ನೆಲ್ಲ ಒಗೆದು ಒಣಹಾಕಿದ್ದರು. ಜೀಪಿಗೆ ಉಳಿದದ್ದು ಗ್ಯಾನಮ್ಮನ ಮನೆಯ ಮುಂದಿನ ದಾರಿ ಒಂದೇ.

ಸಾಹೇಬರು ಇಳಿದು ಗೋಡೆಯ ಮುಂದೆ ನಿಂತರು. ಮೇಲೆ ಜೂನ್ ತಿಂಗಳಿಂದ ಖಾಲಿಯಿದ್ದ ಚೌಕ, ಕೆಳಗೆ ಅಕ್ಕಿ ಚೆಲ್ಲಿದಂತೆ ಬೊಟ್ಟು.

"ಇದೇನಮ್ಮ?"

"ಚಳಿಜ್ವರರೀ."

"ಎಷ್ಟಿವೆ?"

"ನೀವ ಎಣಿಸ್ರಿ. ನನಗ ಇಪ್ಪತ್ತರ ಮ್ಯಾಲ ಬರಾಂಗಿಲ್ಲ. ಅದಕ್ಕ ಗ್ವಾಡಿ ಮ್ಯಾಲ ಇಟ್ಟೀನಿ."

ಅಂಕಿ ಕಂಡರೆ ಎಣಿಸದೆ ಇರಲಾರದ ಜಾತಿ ಸಾಹೇಬರದು. ಎಣಿಸಿದರು. ಬಿಳಿ ನೂರ ಹನ್ನೆರಡು, ಕೆಂಪು ಮೂರು. ಕನ್ನಡಕ ಒರೆಸಿಕೊಂಡರು.

"ನೋಡಮ್ಮ, ಸುಣ್ಣದ ಬೊಟ್ಟಿನಿಂದ ರೋಗ ಗೊತ್ತಾಗುವುದಿಲ್ಲ, ರಕ್ತ ನೋಡಬೇಕು. ನಿಮ್ಮೂರಿನ ರಕ್ತ ನೋಡಿದ್ದೇವೆ. ಅರವತ್ತೆಂಟು ಸ್ಲೈಡು. ಒಂದರಲ್ಲೂ ಇಲ್ಲ."

"ಯಾರ ರಗತರೀ?"

"ನಿಮ್ಮದೇ." ಸಾಹೇಬರು ಜೀಪಿನ ಜೊತೆ ಬಂದಿದ್ದ ಯಮನೂರಪ್ಪನ ಕೈಯಿಂದ ರಿಜಿಸ್ಟರು ತೆಗೆದುಕೊಂಡರು. "ಗದ್ದೆಮ್ಮ."

"ನಾನರೀ" ಎಂದಳು ಗದ್ದೆಮ್ಮ. "ನನಗ ಮುಳ್ಳು ಚುಚ್ಚೈತಿ, ಕುಡಗೋಲು ಕುಯ್ದೈತಿ. ಸೂಜಿ ಚುಚ್ಚಿಲ್ಲ."

"ಅಂಬಮ್ಮ."

"ಆಕಿ ಮಸ್ಕ್ಯಾಗ ಮಗಳ ಮನ್ಯಾಗ ಅದಾಳ್ರೀ. ಯುಗಾದಿಗೆ ಹೋದಾಕಿ ಇನ್ನೂ ಬಂದಿಲ್ಲ" ಎಂದಳು ಇನ್ನೊಬ್ಬಳು.

ಸಾಹೇಬರಿಗೆ ಕಸಿವಿಸಿಯಾಯಿತು. ಓದು ಬಾರದ ಹೆಂಗಸರು, ಮರೆತಿರಬಹುದು. ಸಾಕ್ಷಿಗೆ ಒಬ್ಬ ದೊಡ್ಡ ಮನುಷ್ಯ ಬೇಕು ಎನಿಸಿತೇನೋ, ಹಾಳೆ ತಿರುವಿ ಪಾಟೀಲನ ಕಡೆ ನೋಡಿದರು.

"ಇಲ್ಲಿ ನಿಮ್ಮ ಮನೆಯವರದೂ ಇದೆಯಲ್ಲ ಪಾಟೀಲರೇ. ಪಾರ್ವತೆಮ್ಮ, ಗಂಡ ಬಸ್ಸಪ್ಪ. ಸೆಪ್ಟೆಂಬರ್ ಹನ್ನೆರಡು. ಬೆರಳು ಹಿಡಿದು ರಕ್ತ ತೆಗೆದವರು, ಯಮನೂರಪ್ಪ."

ಪಾಟೀಲನ ಹೆಂಡತಿ ಪರಗಂಡಸಿನ ಎದುರು ನಡುಮನೆಯ ಬಾಗಿಲು ದಾಟಿ ಬಂದದ್ದನ್ನು ಆ ಊರಲ್ಲಿ ಕಂಡವರಿರಲಿಲ್ಲ. ರಿಜಿಸ್ಟರು ನಿಜವಾದರೆ ಒಬ್ಬ ಸೈಕಲ್ಲಿನ ನೌಕರ ಅವಳ ಕೈ ಹಿಡಿದಿದ್ದಾನೆ. ಸುಳ್ಳಾದರೆ ಜ್ವರಮುಕ್ತ ಗ್ರಾಮ ಹೋಯಿತು. ಬಸ್ಸಪ್ಪ ಯಮನೂರಪ್ಪನನ್ನು ನೋಡಿದ, ರಿಜಿಸ್ಟರು ನೋಡಿದ, ನೆರೆದ ಮಂದಿಯನ್ನು ನೋಡಿದ. ಅರವತ್ತು ಎಕರೆ ಭತ್ತ ಅವನ ಮುಖದ ಮೇಲೆ ಹಾದುಹೋಯಿತು.

"ನನ್ನ ಹೇಣ್ತಿ ಕೈ ಯಾವ ಮಗಾನೂ ಮುಟ್ಟಿಲ್ಲ!" ಎಂದು ಗರ್ಜಿಸಿದ. "ಸುಳ್ಳ ಐತಿ ನಿಮ್ಮ ಪುಸ್ತಕ! ಪೂರಾ ಸುಳ್ಳ!"

"ಬರಕೊಳ್ರೀ ಸಾಹೇಬ್ರ" ಎಂದಳು ಗ್ಯಾನಮ್ಮ. "ಗೌಡ್ರು ಖರೇ ಹೇಳಾಕತ್ತಾರ."

ಸಾಹೇಬರು ನಿಧಾನವಾಗಿ ಯಮನೂರಪ್ಪನ ಕಡೆ ತಿರುಗಿದರು.

"ಹಾಗಾದರೆ ಈ ಪಾರ್ವತೆಮ್ಮ ಯಾರು?"

"ಹುಸೇನಪ್ಪರೀ."

"ಗದ್ದೆಮ್ಮ?"

"ಹುಸೇನಪ್ಪರೀ. ತುರ್ವಿಹಾಳದ ಹೋಟೆಲ್ನಾಂವ."

"ಅರವತ್ತೆಂಟೂ ಅವನದೇ?"

"ಎರಡು ನಂದರೀ" ಎಂದ ಯಮನೂರಪ್ಪ, ನೆಲ ನೋಡುತ್ತ. "ಅವತ್ತ ಹೋಟೆಲ್ ಬಂದ್ ಇತ್ತು."

ಸಾಹೇಬರು ರಿಜಿಸ್ಟರು ಮುಚ್ಚಿದರು. ವಿಚಾರಣೆ ಮಾಡಿಸುತ್ತೇನೆ, ವರದಿ ತರಿಸುತ್ತೇನೆ ಎಂದು ಜೀಪಿನ ಕಡೆ ಹೊರಟರು. ಗ್ಯಾನಮ್ಮ ಅಡ್ಡ ಬಂದು ನಿಂತಳು. ಅವಳ ಹಿಂದೆ ಗುಂಪು ಬಂತು.

"ಹಂಗ ಹೋಗಬ್ಯಾಡ್ರಿ. ನೀವು ಹಂಗ ಹೋದ್ರ ಸೊನ್ನಿ ಹೊಳ್ಳಿ ಬರ್ತೈತಿ. ರಗತ ಬೇಕಂದ್ರಿ, ಇಲ್ಲೈತಿ. ಇವನ ಚೀಲದಾಗ ಸೂಜಿ ಐತಿ, ಗಾಜು ಐತಿ. ತಗೊಂಡ ಹೋಗ್ರಿ."

"ಅದಕ್ಕೊಂದು ಕ್ರಮ ಇದೆ. ಜ್ವರ ಇದ್ದವರದ್ದು ಮಾತ್ರ ತೆಗೆಯಬೇಕು."

"ಬಾಲಪ್ಪಾ! ಕರಕೊಂಡ ಬಾರೋ ಆಕೀನ!"

ಬಾಲಪ್ಪ ಆದೆಮ್ಮನನ್ನು ಕೌದಿ ಸಮೇತ ಹಿಡಿದುಕೊಂಡು ಬಂದ. ಆ ದಿನ ಅವಳ ನಡುಗುವ ಸರದಿ. ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು, ಹಲ್ಲು ಕಟಕಟಿಸುತ್ತ, ಇನ್ನೊಂದು ಕೈ ಮುಂದೆ ಚಾಚಿದಳು. ಅವಳ ಹಿಂದೆ ಬೆರಳುಗಳ ಸಾಲು ಬೆಳೆಯಿತು. ಸಾಹೇಬರು ಬೇರೆ ದಾರಿ ಕಾಣದೆ ಮನೆಯ ಕಟ್ಟೆಯ ಮೇಲೆ ಕೂತು, ಪೆನ್ನಿನ ಮುಚ್ಚಳ ತೆಗೆದರು. ಯಮನೂರಪ್ಪ ಚುಚ್ಚಿದ, ಸಾಹೇಬರು ಪ್ರತಿ ಹೆಸರನ್ನೂ ಎರಡು ಸಲ ಕೇಳಿ ತಾವೇ ಬರೆದರು. ಡಬ್ಬಿಯಲ್ಲಿದ್ದ ಇಪ್ಪತ್ತಾರು ಗಾಜೂ ಮುಗಿದವು. ಆದೆಮ್ಮನಿಗೆ ನಾಲ್ಕು ಗುಳಿಗೆ ಕೊಟ್ಟಾಗ ಗ್ಯಾನಮ್ಮ, "ಇಲ್ಲೇ ನುಂಗು, ಸಾಹೇಬ್ರು ನೋಡ್ಲಿ" ಎಂದು ಚೊಂಬು ಕೈಗಿಟ್ಟಳು.

ಇಪ್ಪತ್ತಾರರಲ್ಲಿ ಹನ್ನೊಂದು ಮಲೇರಿಯಾ ಎಂದು ಬಂತು. ಜಾಲಿದಿನ್ನಿಯಲ್ಲಿ ರೋಗವು ಇತ್ತೀಚೆಗೆ ತಲೆದೋರಿದೆ ಎಂದು ವರದಿ ಬರೆದರು. ಸಾಹೇಬರ ಜೀಪಿನಲ್ಲೇ ಅದೂ ಇಳಿದು ಬಂದಂತೆ. ಆದರೆ ಜ್ವರಮುಕ್ತ ಪಟ್ಟಿಯಿಂದ ಊರಿನ ಹೆಸರು ಹೊಡೆದರು, ಗುಳಿಗೆ ಬಂತು, ಬೇಸಿಗೆಗೆ ಡಿಡಿಟಿ ಬರುವುದೆಂದೂ ತಿಳಿಸಿದರು. ಯಮನೂರಪ್ಪನನ್ನು ಕೆಲಸದಿಂದ ತೆಗೆಯಬೇಕಾದರೆ ಕಾರಣ ಬರೆಯಬೇಕಾಗಿತ್ತು. ಹುಸೇನಪ್ಪನ ಹೆಸರು ಕಾಗದದಲ್ಲಿ ಬರುವುದು ಯಾರಿಗೂ ಬೇಡವಾದ್ದರಿಂದ, ಶಿಕ್ಷೆಯ ರೂಪದಲ್ಲಿ ಜಾಲಿದಿನ್ನಿಯನ್ನೇ ಅವನಿಗೆ ಖಾಯಂ ಮಾಡಿದರು. ಕೊಯ್ಲಿಗೆ ಬರಲು ಪಾಟೀಲ ತಾನೇ ಗ್ಯಾನಮ್ಮನಿಗೆ ತಳವಾರನ ಕೈಲಿ ಹೇಳಿ ಕಳಿಸಿದ. ಈ ಸಲ ಹಲಗೆಯಿಲ್ಲದೆ.

ಎಳ್ಳಮಾವಾಸ್ಯೆಯ ಹೊತ್ತಿಗೆ ಆದೆಮ್ಮನಿಗೆ ಹೆಣ್ಣು ಹುಟ್ಟಿತು. ಹದಿನೈದು ದಿನದ ಸರದಿಗೆ ಯಮನೂರಪ್ಪ ಬಂದಾಗ ಕೂಸು ಬಾಗಿಲೊಳಗಿನ ತೊಟ್ಟಿಲಲ್ಲಿ ಅಳುತ್ತಿತ್ತು.

"ಜ್ವರ ಅದಾವೇನು ಬೇ?"

"ಈ ಮನ್ಯಾಗ ಇಲ್ಲ. ಮುಂದಿನ ಮನಿಗೆ ಹೋಗಿ ಕೇಳು."

ಅವನು ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದು ಚೌಕದ ಕಡೆ ಹೋದ. ಗ್ಯಾನಮ್ಮ ಸುಣ್ಣದ ಡಬ್ಬಿ ಅವನ ಮುಂದೆ ಹಿಡಿದಳು.

"ಸಹಿ ಬ್ಯಾಡ. ಬೊಟ್ಟಿಡು."

"ಏಳನೇ ಇಯತ್ತೆ ಪಾಸಾದಂವ ಬೇ ನಾನು. ಹೆಬ್ಬೆಟ್ಟಿನವನೇನು?"

"ಪಾಸಾಗೀ ಅಂತನ ಹೇಳಾಕತ್ತೀನಿ. ನಿನ್ನ ಸಹಿ ತುರ್ವಿಹಾಳದಾಗ ಚಹಾ ಕುಡಕೋತ ಕುಂತೂ ಪುಸ್ತಕದಾಗ ಬೀಳ್ತೈತಿ. ಬೊಟ್ಟಿಡಾಕ ಈ ಗ್ವಾಡಿತನಕ ಬರಬೇಕಲ್ಲ. ಒತ್ತಿ ಇಡು ತಮ್ಮಾ, ದೂರದಿಂದ ಕಾಣಬೇಕು."